ಕೆಟಕಾಲ್ ತಾಳಿಕೊಳ್ಳುವ ಕಿಣ್ವ, ಬದಿಯಡ್ಕದ ಲ್ಯಾಬಿನಿಂದ

ಈ ಆಟಿಯಲ್ಲಿ ಕೊನೆಗೂ ಫ್ಲಾಸ್ಕಿನ ತಳದಲ್ಲಿ ಬಿಳಿ ಹರಳು ಕೂತಿತು. ಎಲ್-ಡೋಪಾ! ಪಾರ್ಕಿನ್ಸನ್ ಹಿಡಿದು ಅಡಿಕೆ ಸುಲಿಯಲಾಗದೆ ಕೂತ ದೊಡ್ಡಪ್ಪ ದಿನಕ್ಕೆ ಮೂರು ಹೊತ್ತು ನುಂಗುವ ಮದ್ದು ಇದೇ. "ಇದೆಲ್ಲ ಬೆಂಗಳೂರಿನಲ್ಲಿ ಆಗುವ ಕೆಲಸ ಮಾರಾಯ" ಎಂದವರಿಗೆಲ್ಲ ಹರಳಿನ ಫೋಟೋ ಕಳಿಸಿದ್ದೇನೆ.

ಸಿಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಟೈರೋಸಿನ್ ಫೀನಾಲ್ ಲಯೇಸ್ ಕಿಣ್ವದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಕೆಟಕಾಲ್, ಪೈರುವೇಟ್, ಅಮೋನಿಯಾ ಎಂಬ ಮೂರು ರಾಸಾಯನಿಕ ಕೊಟ್ಟರೆ ಡೋಪಾ. ಜಪಾನಿನವರು ಎರ್ವಿನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವದಿಂದ 1990ರ ದಶಕದಲ್ಲೇ ಕಾರ್ಖಾನೆಯಲ್ಲಿ ಮಾಡಿದ್ದಾರೆ. ನನ್ನನ್ನು ಕಾಡಿದ್ದು ಕೆಟಕಾಲ್. ಅದು ಕಿಣ್ವವನ್ನೇ ಕೊಲ್ಲುತ್ತದೆ.

ಮೊದಲ ಆರು ತಿಂಗಳು 37 ಡಿಗ್ರಿಯಲ್ಲಿ ಇಂಡ್ಯೂಸ್ ಮಾಡಿ (ಕೋಶ ಕಿಣ್ವ ಮಾಡುವಂತೆ ಜೀನು ಚಾಲೂ ಮಾಡಿ) ಪ್ರೋಟೀನೆಲ್ಲ ಕರಗದೆ ಪೆಲೆಟ್ಟಿಗೆ, ಅಂದರೆ ತಳದ ಗಸಿಗೆ, ಹೋಯಿತು. 20ಕ್ಕೆ ಇಳಿಸಿ, ಜೀನು ಚಾಲೂ ಮಾಡುವ ಐಪಿಟಿಜಿಯನ್ನು ಹತ್ತರಲ್ಲೊಂದು ಪಾಲು ಮಾಡಿದ ಮೇಲೆ ಸೂಪರ್ನಾಟೆಂಟಿನಲ್ಲಿ (ಮೇಲಿನ ತಿಳಿಯಲ್ಲಿ) ಕಿಣ್ವದ ದಪ್ಪ ಬ್ಯಾಂಡ್ ಬಂತು, ದುಡ್ಡೂ ಉಳಿಯಿತು. ಆಮೇಲೆ ಕೆಟಕಾಲನ್ನು ಒಟ್ಟಿಗೇ ಸುರಿದೆ. ಬೆಳಿಗ್ಗೆ ನೋಡಿದರೆ ಗಾಳಿ ತಾಗಿ ಇಡೀ ಫ್ಲಾಸ್ಕ್ ಮಸಿ. ಅದನ್ನು ತಡೆಯಲು ಸಲ್ಫೈಟು, ಪಿಎಚ್ 8, 15 ಡಿಗ್ರಿ, ಸ್ವಲ್ಪಸ್ವಲ್ಪವೇ ಕೆಟಕಾಲ್: ಕಪ್ಪಾಗುವುದು ನಿಂತಿತು. ಎಷ್ಟು ಹೊತ್ತಿಗೊಮ್ಮೆ ಹಾಕುವುದು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೆಟಕಾಲ್ ತಾಳುವಂತೆ ಕಿಣ್ವ ತಿದ್ದಲು ಜೀನಿನ ನಾಲ್ಕು ಜಾಗದಲ್ಲಿ ಎನ್‌ಎನ್‌ಕೆ (ಆ ಜಾಗದಲ್ಲಿ ಇಪ್ಪತ್ತು ಅಮಿನೋ ಆಮ್ಲಗಳಲ್ಲಿ ಯಾವುದೂ ಬರುವಂತೆ ಮಾಡುವ ಕ್ರಮ), ಜಾಗಕ್ಕೊಂದು 96 ಗುಂಡಿಯ ಪ್ಲೇಟು. ಡೋಪಾ ಇದ್ದಲ್ಲಿ ಕೆಂಪಾಗುವ ನೈಟ್ರೈಟ್-ಮಾಲಿಬ್ಡೇಟ್ ಹಾಕಿ ನೋಡಿದರೆ ಎಲ್ಲ ಗುಂಡಿಯೂ ಕೆಂಪು! ಉಳಿದ ಕೆಟಕಾಲೇ ಬಣ್ಣ ಕೊಡುತ್ತಿತ್ತು. ಇದು ಹೊಳೆಯಲು ಒಂದು ತಿಂಗಳು ಹೋಯಿತು. ಆಗ ದಾರಿ ತಿರುಗಿಸಿದೆ: ಕೋಶಗಳನ್ನು ಕೆಟಕಾಲಿನಲ್ಲಿ ನೆನೆಸಿ, ತೊಳೆದು, ಬದುಕಿದ ಕಿಣ್ವ ಒಡೆಯುವ ಟೈರೋಸಿನ್ ಕೊಟ್ಟು, ಬಿಡುಗಡೆಯಾದ ಪೈರುವೇಟನ್ನು, ಅದು ಇದ್ದಲ್ಲಿ ಕೆಂಪಾಗುವ ಡಿಎನ್‌ಪಿಎಚ್‌ನಲ್ಲಿ ಅಳೆದೆ. ಮೂರನೆಯ ಪ್ಲೇಟಿನಲ್ಲಿ ಸುತ್ತೆಲ್ಲ ಹಳದಿ, ನಡುವೆ ಒಂದೇ ಗುಂಡಿ ಹಳೇ ಮನೆಯ ಕಾವಿ ನೆಲದ ಬಣ್ಣ. ಅದೇ ಈಗಿನದು. ಯಾವ ಅಮಿನೋ ಆಮ್ಲ ಎಂದು ಈಗಲೇ ಹೇಳಲಾರೆ. ಡೋಪಾ ಲೀಟರಿಗೆ 8 ಗ್ರಾಂ ಆಸುಪಾಸು ಇದ್ದದ್ದು 20 ದಾಟಿದೆ.

ನಡುವೆ ಮೀಡಿಯಾ (ಬ್ಯಾಕ್ಟೀರಿಯಾಕ್ಕೆ ಹಾಕುವ ಆಹಾರ) ಖರ್ಚು ಇಳಿಸಲು ಎಳನೀರಿನಲ್ಲೂ ಬೆಳೆಸಿದೆ. ಕೋಶ ಚೆನ್ನಾಗಿ ಬಂತು, ಕಿಣ್ವ ಬರಲಿಲ್ಲ. ಅದರ ಗ್ಲೂಕೋಸು ಲ್ಯಾಕ್ ಪ್ರಮೋಟರನ್ನು, ಅಂದರೆ ಜೀನಿನ ಸ್ವಿಚ್ಚನ್ನು, ಅದುಮಿಬಿಟ್ಟಿತು. ತೋಟದ ಬೇಲಿಯ ನಸುಗುನ್ನಿ ಬೀಜದಿಂದಲೂ ಡೋಪಾ ತೆಗೆದು ಹೋಲಿಸಿದೆ. ನೂರು ಗ್ರಾಂ ಬೀಜಕ್ಕೆ ನಾಲ್ಕು ಗ್ರಾಂ ಸಿಕ್ಕಿರಬಹುದು, ಮೈಯೆಲ್ಲ ತುರಿಕೆ ಬೇರೆ.

ಪ್ರೈಮರು (ಜೀನು ತಿದ್ದಲು ಬೇಕಾದ ಡಿಎನ್ಎ ತುಣುಕು), ಸೀಕ್ವೆನ್ಸಿಂಗು (ಜೀನಿನ ಅಕ್ಷರ ಓದಿಸುವುದು) ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಆಗಿರಬೇಕು, ಅರ್ಧ ಅಡಿಕೆ ಮಾರಿದ ದುಡ್ಡು. ಹೋದ ಮಳೆಗಾಲ ಮೂರು ದಿನ ಕರೆಂಟಿಲ್ಲದೆ ಫ್ರೀಜರಿನಲ್ಲಿಟ್ಟ ಬ್ಯಾಕ್ಟೀರಿಯಾದ ಗ್ಲಿಸರಾಲ್ ಸ್ಟಾಕೆಲ್ಲ ಹೋಯಿತು. ಫಿಲ್ಟರ್ ಪೇಪರಿನಲ್ಲಿ ಒಣಗಿಸಿಟ್ಟ, ಜೀನು ಹೊತ್ತ ಡಿಎನ್ಎ ಉಂಗುರ ಪ್ಲಾಸ್ಮಿಡ್ಡೇ ನನ್ನನ್ನು ಉಳಿಸಿದ್ದು. ನೀವೂ ಇಟ್ಟುಕೊಳ್ಳಿ. ಈಗ ಎರಡನೆಯ ಬದಲಾವಣೆಯನ್ನು ಅದೇ ಜೀನಿಗೆ ಸೇರಿಸಬೇಕು. ಪ್ರೈಮರ್ ಬುಧವಾರ ಬರುತ್ತದೆ.