ಅಮೆರಿಕದ ಪಿಎಚ್‌ಡಿ ಆಫರ್‌ಗಳು: ಕೈಯಲ್ಲಿ ಉಳಿಯುವುದೆಷ್ಟು?

ಎರಡು ಮೂರು ವಿಶ್ವವಿದ್ಯಾಲಯಗಳಿಂದ ಆಫರ್ ಪತ್ರ ಬಂದಾಗ ಮನೆಯಲ್ಲಿ ಎಲ್ಲರೂ ಮೊದಲು ಮಾಡುವುದು ಸ್ಟೈಪೆಂಡನ್ನು ರೂಪಾಯಿಗೆ ಗುಣಿಸುವ ಕೆಲಸ. 30,000 ಡಾಲರ್ ಎಂದರೆ ನಮ್ಮೂರಿನ ಲೆಕ್ಕದಲ್ಲಿ ದೊಡ್ಡ ಸಂಬಳವೇ. ಆದರೆ ಅದು ಖರ್ಚಾಗುವುದು ಅಲ್ಲೇ, ಡಾಲರ್‌ನಲ್ಲೇ. ಆದ್ದರಿಂದ ಬಾಡಿಗೆ, ಫೀಸು, ತೆರಿಗೆ ಎಲ್ಲ ಕಳೆದು ತಿಂಗಳಿಗೆ ಏನು ಉಳಿಯುತ್ತದೆ, ಅದು ಎಷ್ಟು ವರ್ಷ ಬರುತ್ತದೆ, ಬರುತ್ತದೆಂದು ಮಾತು ಕೊಟ್ಟವರು ಯಾರು ಎಂಬುದನ್ನು ನೋಡಿ ಆಫರ್‌ಗಳನ್ನು ತೂಗಬೇಕು.

ಪತ್ರ ಕೈಗೆ ಬಂದ ಕೂಡಲೇ ಹುಡುಕಬೇಕಾದದ್ದು ತಿಂಗಳುಗಳ ಸಂಖ್ಯೆ. ಸ್ಟೈಪೆಂಡ್ 9 ತಿಂಗಳದ್ದೋ 12 ತಿಂಗಳದ್ದೋ? 9 ತಿಂಗಳದ್ದಾದರೆ ಬೇಸಿಗೆಯ ಮೂರು ತಿಂಗಳ ಬಾಡಿಗೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ಆಮೇಲೆ ಫೀಸು. ‘ಟ್ಯೂಶನ್ ಪೂರ್ತಿ ಮನ್ನಾ’ ಎಂದಿದ್ದರೆ ಎಲ್ಲ ಫೀಸೂ ಮನ್ನಾ ಎಂದಲ್ಲ. ಆರೋಗ್ಯ ಕೇಂದ್ರ, ತಂತ್ರಜ್ಞಾನ, ವಿದ್ಯಾರ್ಥಿ ಸೌಲಭ್ಯ, ವಿದೇಶಿ ವಿದ್ಯಾರ್ಥಿ ಎಂಬ ಹೆಸರಿನ ಕಡ್ಡಾಯ ಫೀಸುಗಳು ಬೇರೆಯೇ ಇರುತ್ತವೆ, ಕೆಲವು ಕಡೆ ಅವು ವರ್ಷಕ್ಕೆ ಸಾವಿರ ಡಾಲರ್ ದಾಟುತ್ತವೆ. ಆರೋಗ್ಯ ವಿಮೆಯ ಕಂತನ್ನು ವಿಶ್ವವಿದ್ಯಾಲಯ ಪೂರ್ತಿ ಕಟ್ಟುತ್ತದೋ, ಒಂದು ಪಾಲು ನಿಮ್ಮ ಮೇಲೆ ಬೀಳುತ್ತದೋ ಎಂಬುದನ್ನೂ ನೋಡಿ.

ಲೆಕ್ಕ ಹೇಗೆ ಹಾಕುವುದು ಎಂಬುದಕ್ಕೆ ಎರಡು ಕಾಲ್ಪನಿಕ ಆಫರ್‌ಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ದುಬಾರಿ ನಗರದ್ದು: 12 ತಿಂಗಳಿಗೆ 36,000 ಡಾಲರ್, ಫೀಸು 400, ವಿಮೆ ಉಚಿತ, ಹಂಚಿಕೊಂಡ ಮನೆಯಲ್ಲಿ ನಿಮ್ಮ ಪಾಲಿನ ಬಾಡಿಗೆ ತಿಂಗಳಿಗೆ 1,500. ಎರಡನೆಯದು ಸಣ್ಣ ಊರಿನದು: 9 ತಿಂಗಳಿಗೆ 27,000, ಫೀಸು 1,800, ವಿಮೆಯಲ್ಲಿ ನಿಮ್ಮ ಪಾಲು 600, ಬಾಡಿಗೆ 700. ತೆರಿಗೆಗೆಂದು ಎರಡರಲ್ಲೂ ಶೇ 10 ತೆಗೆದಿಡಿ.

ಮೊದಲನೆಯದರಲ್ಲಿ 3,600 ತೆರಿಗೆ, 400 ಫೀಸು, 18,000 ಬಾಡಿಗೆ ಹೋಗಿ ಉಳಿಯುವುದು 14,000. ಎರಡನೆಯದರಲ್ಲಿ 2,700 ತೆರಿಗೆ, 1,800 ಫೀಸು, 600 ವಿಮೆ, 8,400 ಬಾಡಿಗೆ ಹೋಗಿ 13,500. ಪತ್ರದಲ್ಲಿ 9,000 ಡಾಲರ್ ಇದ್ದ ಅಂತರ ಕೈಗೆ ಬರುವಷ್ಟರಲ್ಲಿ 500ಕ್ಕೆ ಇಳಿಯಿತು. ಎರಡನೆಯ ವಿಭಾಗ ಬೇಸಿಗೆಗೆ ಇನ್ನೊಂದು 6,000 ಕೊಡುತ್ತದೆ ಎಂದಾದರೆ ತೆರಿಗೆ ಕಳೆದು ಅಲ್ಲಿ 18,900 ಉಳಿಯುತ್ತದೆ, ತಕ್ಕಡಿ ಆ ಕಡೆಗೇ ವಾಲುತ್ತದೆ. ಅಂದರೆ ಇಡೀ ತೀರ್ಮಾನ ನಿಂತಿರುವುದು ಬೇಸಿಗೆಯ ಬಗೆಗಿನ ಒಂದು ವಾಕ್ಯದ ಮೇಲೆ. ‘ಸಾಮಾನ್ಯವಾಗಿ ಎಲ್ಲರಿಗೂ ಸಿಗುತ್ತದೆ’ ಎಂಬ ಬಾಯಿಮಾತನ್ನು ಲೆಕ್ಕಕ್ಕೆ ಸೇರಿಸಬೇಡಿ. ಪತ್ರದಲ್ಲೋ ಇಮೇಲ್‌ನಲ್ಲೋ ಬರೆದು ಕೊಟ್ಟಿದ್ದರೆ ಮಾತ್ರ ಸೇರಿಸಿ. ನಿಜವಾದ ಬಾಡಿಗೆ ತಿಳಿಯಲು ಅಲ್ಲಿನ ಭಾರತೀಯ ವಿದ್ಯಾರ್ಥಿ ಸಂಘದವರನ್ನು ಕೇಳಿ. ಉಳಿದ ಜೀವನ ವೆಚ್ಚಕ್ಕೆ ಎಂಐಟಿಯ ಲಿವಿಂಗ್ ವೇಜ್ ಕ್ಯಾಲ್ಕುಲೇಟರ್‌ನಲ್ಲಿ ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರು ಹಾಕಿದರೆ ಒಂದು ಅಂದಾಜು ಸಿಗುತ್ತದೆ.

ತೆರಿಗೆಯ ವಿಷಯದಲ್ಲಿ ಭಾರತೀಯರಿಗೆ ಒಂದು ಅನುಕೂಲವಿದೆ, ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ. ಎಫ್-1 (ವಿದ್ಯಾರ್ಥಿ) ವೀಸಾದ ಹೊಸಬರು ತೆರಿಗೆ ರಿಟರ್ನ್‌ಗೆ 1040-ಎನ್‌ಆರ್ ಫಾರ್ಮ್ ತುಂಬಬೇಕು. ಆ ಫಾರ್ಮ್ ತುಂಬುವ ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಬೀಳದ ನಿಗದಿತ ಮೊತ್ತ) ಸಿಗುವುದಿಲ್ಲ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಂತೆ ನಮ್ಮವರಿಗೆ ಸಿಗುತ್ತದೆ. ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಕಡಿತವೂ ಇಲ್ಲ. ಸಂಬಳದ ಚೀಟಿಯಲ್ಲಿ ಇವೆರಡಕ್ಕೆಂದು ತಪ್ಪಿ ಶೇ 7.65 ಕಡಿದಿದ್ದರೆ ಕೂಡಲೇ ಸಂಬಳ ವಿಭಾಗಕ್ಕೆ ಬರೆಯಿರಿ. ಫೆಲೋಶಿಪ್ ಹಣದಿಂದ ಶೇ 14 ಮುಂಗಡವಾಗಿ ಹಿಡಿಯುವುದುಂಟು, ಹೆಚ್ಚು ಹಿಡಿದಿದ್ದರೆ ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಟೆಕ್ಸಾಸ್, ಫ್ಲೋರಿಡಾ, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಬೇರೆ ಕಡೆ ಇದೆ, ಅದನ್ನೂ ಕಳೆಯಿರಿ.

ಇನ್ನು ಭರವಸೆಯ ಮಾತು. ಹಣಕ್ಕಿಂತ ಇದನ್ನೇ ಹೆಚ್ಚು ಹೊತ್ತು ಓದಬೇಕು ಎಂಬುದು ನಮ್ಮ ಅಭಿಪ್ರಾಯ. ‘ಐದು ವರ್ಷ, ಪ್ರಗತಿ ತೃಪ್ತಿಕರವಾಗಿದ್ದರೆ’ ಎಂಬುದು ಗಟ್ಟಿ ಮಾತು. ‘ಮೊದಲ ವರ್ಷ, ಆಮೇಲೆ ಅನುದಾನದ ಲಭ್ಯತೆಯಂತೆ’ ಎಂಬುದು ಬರೀ ಆಶಯ. ಟೀಚಿಂಗ್ ಅಸಿಸ್ಟೆಂಟ್‌ಶಿಪ್‌ನ ಹಣ ವಿಭಾಗದಿಂದ ಬರುವುದರಿಂದ ಸ್ಥಿರ, ಆದರೆ ವಾರಕ್ಕೆ 20 ಗಂಟೆವರೆಗೆ ಪಾಠ, ಉತ್ತರಪತ್ರಿಕೆ ಎಂದು ಸಮಯ ತಿನ್ನುತ್ತದೆ. ಕೆಲವು ಕಡೆ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ನಿಗದಿತ ಅಂಕ ಬರದಿದ್ದರೆ ಆ ಕೆಲಸವೇ ಸಿಗುವುದಿಲ್ಲ, ಆಗ ಆಫರ್‌ನ ಗತಿಯೇನು ಎಂದು ಮೊದಲೇ ಕೇಳಿ. ರಿಸರ್ಚ್ ಅಸಿಸ್ಟೆಂಟ್‌ಶಿಪ್‌ನಲ್ಲಿ ನಿಮ್ಮ ಕೆಲಸವೇ ನಿಮ್ಮ ಪ್ರಬಂಧವಾಗುವ ಲಾಭವಿದೆ, ಆದರೆ ಹಣ ಪ್ರಾಧ್ಯಾಪಕರ ಅನುದಾನಕ್ಕೆ ಕಟ್ಟಿಕೊಂಡಿರುತ್ತದೆ. 2025ರಲ್ಲಿ ಫೆಡರಲ್ ಸಂಶೋಧನಾ ಹಣಕ್ಕೆ ಕತ್ತರಿ ಬಿದ್ದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನೇ ಕಡಿಮೆ ಮಾಡಿದವು. ಹಾಗಾಗಿ ನೇರವಾಗಿ ಕೇಳಿ: ಈ ಅನುದಾನ ಯಾವ ವರ್ಷ ಮುಗಿಯುತ್ತದೆ? ಮುಗಿದರೆ, ಅಥವಾ ಪ್ರಾಧ್ಯಾಪಕರು ಬೇರೆಡೆಗೆ ಹೋದರೆ, ವಿಭಾಗ ಟೀಚಿಂಗ್ ಕೆಲಸ ಕೊಡುತ್ತದೆಯೇ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಗ್ರಾಜುಯೇಟ್ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ. ‘ಮುಂದೆ ನೀವೇ ಫೆಲೋಶಿಪ್ ತರಬಹುದು’ ಎಂದು ಯಾರಾದರೂ ಹೇಳಿದರೆ ಯಾವುದು ಎಂದು ಹೆಸರು ಕೇಳಿ.

ಇದೇ ಪ್ರಶ್ನೆಗಳನ್ನು ನಾಲ್ಕನೆಯ, ಐದನೆಯ ವರ್ಷದ ವಿದ್ಯಾರ್ಥಿಗಳಿಗೂ ಪ್ರತ್ಯೇಕವಾಗಿ ಕೇಳಿ. ಕಳೆದ ಬೇಸಿಗೆ ಹಣ ಬಂತೇ, ಪದವಿ ಮುಗಿಯಲು ನಿಜಕ್ಕೂ ಎಷ್ಟು ವರ್ಷ ಹಿಡಿಯುತ್ತದೆ ಎಂಬುದು ಅವರಿಗೇ ಗೊತ್ತು. ಐದು ವರ್ಷದ ಭರವಸೆ ಇದ್ದು ಎಲ್ಲರೂ ಆರೂವರೆ ವರ್ಷ ತೆಗೆದುಕೊಳ್ಳುತ್ತಿದ್ದರೆ ಕೊನೆಯ ಒಂದೂವರೆ ವರ್ಷ ಬರಿಗೈ.

ಅವಸರ ಬೇಡ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನ ಆಫರ್‌ಗೆ ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಸಹಿ ಹಾಕಿದವರ ಪಟ್ಟಿ ಆ ಸಂಸ್ಥೆಯ ಜಾಲತಾಣದಲ್ಲಿದೆ. ಅಷ್ಟರೊಳಗೆ ಹೆಚ್ಚಿನ ನೆರವು ಕೇಳುವುದರಲ್ಲಿ ತಪ್ಪಿಲ್ಲ. ಮೂಲ ಸ್ಟೈಪೆಂಡ್ ಎಲ್ಲರಿಗೂ ಒಂದೇ ಇರುವ ಕಡೆ ಅದನ್ನು ಏರಿಸುವುದು ಕಷ್ಟ. ಮೊದಲ ಬೇಸಿಗೆಯ ಹಣ, ಫೀಸು ಮನ್ನಾ, ಒಂದು ಸಲದ ಪ್ರಯಾಣ ವೆಚ್ಚ ಇವು ಸಿಗುವ ಸಾಧ್ಯತೆ ಹೆಚ್ಚು. ವಿಭಾಗದ ಗ್ರಾಜುಯೇಟ್ ಡೈರೆಕ್ಟರ್‌ಗೆ ನಾಲ್ಕು ಸಾಲು ಬರೆದು, ಇನ್ನೊಂದು ಆಫರ್ ಪತ್ರವನ್ನು ಲಗತ್ತಿಸಿ, ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿ.

ಎಂಎಸ್ ಆಫರ್ ಆದರೆ ಲೆಕ್ಕವೇ ಬೇರೆ. ಅಲ್ಲಿ 10,000 ಡಾಲರ್ ಸ್ಕಾಲರ್‌ಶಿಪ್ ಎಂದರೆ ಉಳಿದ ಫೀಸಿಗೆ ಸಾಲವೇ ಗತಿ. 30 ಲಕ್ಷಕ್ಕೆ ಶೇ 10 ಬಡ್ಡಿಯಾದರೆ ಪೂರ್ತಿ ಸಾಲ ಪಡೆದ ಮೇಲೆ ವರ್ಷಕ್ಕೆ 3 ಲಕ್ಷ ಬಡ್ಡಿಯೇ ಬೆಳೆಯುತ್ತದೆ, ಕಂತು ಶುರುವಾಗದಿದ್ದರೂ. ‘ಹೋದ ಮೇಲೆ ಅಸಿಸ್ಟೆಂಟ್‌ಶಿಪ್ ಸಿಗುತ್ತದೆ’ ಎಂಬ ನಂಬಿಕೆಯ ಮೇಲೆ ಸಾಲ ಕಡಿಮೆ ಮಾಡಿಕೊಳ್ಳಬೇಡಿ. ಚಿಕ್ಕ ಸ್ಕಾಲರ್‌ಶಿಪ್ಪನ್ನು ಕಡೆಗಣಿಸಲೂ ಬೇಡಿ: ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕನಿಷ್ಠ 1,000 ಡಾಲರ್‌ನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಪಡೆದವರಿಗೆ ರಾಜ್ಯದವರ ದರದಲ್ಲೇ ಫೀಸು ಕಟ್ಟುವ ಅವಕಾಶ ಸಿಗಬಹುದು.

ಎಷ್ಟೇ ಒಳ್ಳೆಯ ಆಫರ್ ಇರಲಿ, ಮೊದಲ ಸಂಬಳ ತಡ. ಆಗಸ್ಟ್‌ನಲ್ಲಿ ತರಗತಿ ಶುರುವಾದರೆ ಹಣ ಬರುವುದು ಹೆಚ್ಚಾಗಿ ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಬಾಡಿಗೆ, ಡಿಪಾಸಿಟ್, ಹಾಸಿಗೆ, ಪಾತ್ರೆ, ಫೀಸಿನ ಮೊದಲ ಕಂತು ಎಲ್ಲ ಬಂದಿರುತ್ತವೆ. 3,000ದಿಂದ 4,000 ಡಾಲರ್ ಬೇರೆಯಾಗಿ ಹೊಂದಿಸಿಕೊಳ್ಳಿ. ಐ-20 (ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಪತ್ರ) ಬಂದಾಗ ಅದರಲ್ಲಿ ನಮೂದಿಸಿದ ನೆರವಿನ ಮೊತ್ತವನ್ನು ಆಫರ್ ಪತ್ರದ ಜೊತೆ ಸಾಲುಸಾಲಾಗಿ ತಾಳೆ ನೋಡಿ. ವ್ಯತ್ಯಾಸವಿದ್ದರೆ ವೀಸಾ ಸಂದರ್ಶನಕ್ಕೆ ಮೊದಲೇ ತಿದ್ದಿಸಿಕೊಳ್ಳಿ.