ಬಿಸಿಲಿಗೆ ಹಲಗೆ, ನೆರಳಿಗೆ ಬ್ಯಾಟರಿ

ಕರೆಂಟು, ನಲ್ಲಿ, ಶೌಚಾಲಯ ಯಾವುದೂ ಇಲ್ಲದ ಕಡೆ ಗುಡಾರ ಹಾಕಿ, ಮೂರು ಕಲ್ಲಿನ ಒಲೆಯಲ್ಲಿ ಬೇಯಿಸಿಕೊಂಡು ನಾಲ್ಕೈದು ದಿನ ಇದ್ದು ಬರುವ ಅಭ್ಯಾಸ ನನಗೆ ಬಹುಕಾಲದಿಂದ ಇದೆ. ಮಡಚಿ ಚೀಲಕ್ಕೆ ಸೇರಿಸಬಹುದಾದ 21 ವ್ಯಾಟಿನ ಸೋಲಾರ್ ಪ್ಯಾನೆಲನ್ನು ಕೊಂಡದ್ದು ತೀರ ಈಚೆಗೆ. ಕೊಂಡ ಮೊದಲ ವರ್ಷ ಅದು ಬೆನ್ನ ಮೇಲಿನ ಅರ್ಧ ಕಿಲೋ ಹೆಚ್ಚುವರಿ ಭಾರವಾಗಿತ್ತೇ ಹೊರತು ಅದರಿಂದ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ತಪ್ಪು ಪ್ಯಾನೆಲಿನದಲ್ಲ, ನನ್ನದು.

ಜಾಗದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಗುಡಾರ ಹಾಕುವಂತಿಲ್ಲ, ಬೆಂಕಿಯನ್ನಂತೂ ಹೊತ್ತಿಸಲೇಬಾರದು. ಕುದುರೆಮುಖ ಶಿಖರಕ್ಕೆ ಹೋದ ಚಾರಣಿಗರೂ ಅಂದೇ ಕೆಳಗಿಳಿಯಬೇಕು. ಆದ್ದರಿಂದ ನಾನು ಬೀಡು ಬಿಡುವುದು ಪರಿಚಿತರ ಸ್ವಂತ ಜಮೀನಿನಲ್ಲಿ ಮಾತ್ರ. ಒಂದು, ಸಕಲೇಶಪುರದ ಕಡೆ ಗೆಳೆಯನ ಕಾಫಿ ತೋಟದ ಮೇಲ್ಭಾಗದ ಹುಲ್ಲು ಬಯಲು. ಇನ್ನೊಂದು, ಹಿರಿಯೂರು ತಾಲ್ಲೂಕಿನಲ್ಲಿ ದೊಡ್ಡಪ್ಪನವರ ಬೀಳುಬಿದ್ದ ಹೊಲ.

ಮೊದಲ ಪ್ರಯೋಗ ನಡೆದದ್ದು ಜನವರಿಯಲ್ಲಿ, ಸಕಲೇಶಪುರದಲ್ಲಿ. ರಾತ್ರಿಯ ಇಬ್ಬನಿಗೆ ಹೆದರಿ ಗುಡಾರವನ್ನು ಮರದ ಕೆಳಗೆ ಹಾಕಿದ್ದೆ, ಪ್ಯಾನೆಲನ್ನೂ ಅದರ ಪಕ್ಕದಲ್ಲೇ ಹರಡಿ, ಫೋನನ್ನು ನೇರವಾಗಿ ಅದಕ್ಕೆ ಸಿಕ್ಕಿಸಿ, ನೀರು ತರಲು ಹಳ್ಳಕ್ಕೆ ಇಳಿದಿದ್ದೆ. ಮಂಜು ಕರಗುವ ಹೊತ್ತಿಗೆ ಒಂಬತ್ತೂವರೆ ಕಳೆದಿತ್ತು. ಆಮೇಲೆ ಕೊಂಬೆಗಳ ನೆರಳು ಹಲಗೆಯ ಮೇಲೆ ಹರಿದಾಡತೊಡಗಿತು, ನಡುನಡುವೆ ಮೋಡವೂ ಬಂದುಹೋಯಿತು. ಮೋಡ ಬಂದಾಗಲೆಲ್ಲ ಚಾರ್ಜ್ ನಿಲ್ಲುತ್ತಿತ್ತು, ಬಿಸಿಲು ಮರಳಿದರೂ ನನ್ನ ಫೋನು ತಾನಾಗಿ ಮತ್ತೆ ಚಾರ್ಜ್ ಆಗುತ್ತಿರಲಿಲ್ಲ. ತಂತಿಯನ್ನು ಕಿತ್ತು ಪುನಃ ಸಿಕ್ಕಿಸಬೇಕಿತ್ತು. ಅದೂ ಅಲ್ಲದೆ ಆ ಕಣಿವೆಯಲ್ಲಿ ನೆಟ್‌ವರ್ಕ್ ತೀರ ಕ್ಷೀಣವಾಗಿದ್ದು, ಸಿಗ್ನಲ್ ಹುಡುಕುವುದರಲ್ಲೇ ಫೋನು ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಿತ್ತು. ಬೆಳಿಗ್ಗೆ ಇದ್ದುದಕ್ಕಿಂತ ಸಂಜೆ ಬ್ಯಾಟರಿ ಕಡಿಮೆಯಾಗಿತ್ತು.

ಊರಿಗೆ ಬಂದವನೇ ಯುಎಸ್‌ಬಿ ಮೀಟರೊಂದನ್ನು ಕೊಂಡೆ. ಪ್ಯಾನೆಲಿಗೂ ತಂತಿಗೂ ನಡುವೆ ಸಿಕ್ಕಿಸುವ, ಹೆಬ್ಬೆರಳಿನಷ್ಟೇ ದೊಡ್ಡದಾದ ಈ ಸಾಧನ ಎಷ್ಟು ವೋಲ್ಟು, ಎಷ್ಟು ಆಂಪಿಯರು ಹರಿಯುತ್ತಿದೆ, ಒಟ್ಟು ಎಷ್ಟು ಶಕ್ತಿ ಬಂದಿದೆ ಎಂಬುದನ್ನು ತೋರಿಸುತ್ತದೆ. ಪ್ಯಾನೆಲಿಗಿಂತ ಹೆಚ್ಚು ಕಲಿಸಿದ್ದು ಈ ಮೀಟರೇ.

ಮುಂದಿನ ಫೆಬ್ರುವರಿಯಲ್ಲಿ ಹಿರಿಯೂರಿನ ಹೊಲದಲ್ಲಿ ಐದು ದಿನ ಇದ್ದೆ. ಅಲ್ಲಿಂದ ಬಹಳ ದೂರವಿಲ್ಲದ ಪಾವಗಡದಲ್ಲಿ ರೈತರ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರ ಪಾರ್ಕನ್ನು ಕಟ್ಟಿರುವುದೇ ಆ ಸೀಮೆಯ ಬಿಸಿಲು ಎಂಥದೆಂಬುದಕ್ಕೆ ಸಾಕ್ಷಿ. ಈ ಬಾರಿ ಗುಡಾರವನ್ನು ಹುಣಸೆ ಮರದ ನೆರಳಿನಲ್ಲಿ ಹಾಕಿ, ಪ್ಯಾನೆಲನ್ನು ಇಪ್ಪತ್ತು ಹೆಜ್ಜೆ ಆಚೆ, ಬಟಾ ಬಯಲಿನಲ್ಲಿ ಇಟ್ಟೆ. ಆ ತಿಂಗಳಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹಲಗೆಯನ್ನು ದಕ್ಷಿಣಕ್ಕೆ ಮುಖ ಮಾಡಿ, ಹಿಂದೆ ಕಲ್ಲು ಆನಿಸಿ ಓರೆಯಾಗಿ ನಿಲ್ಲಿಸಿದೆ. ಓರೆ ಸರಿಯಿದೆಯೇ ಎಂದು ನೋಡಲು ಉಪಾಯ ಸುಲಭ: ಹಲಗೆಯ ಮೇಲೆ ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದು, ಅದರ ನೆರಳು ಪೂರ್ತಿ ಮಾಯವಾಗುವವರೆಗೆ ಹಲಗೆಯನ್ನು ತಿರುಗಿಸಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಗಂಟೆಗೊಮ್ಮೆ ಎದ್ದು ಹೋಗಿ ಸರಿಪಡಿಸುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ 21 ವ್ಯಾಟಿನ ಪ್ಯಾನೆಲಿನಿಂದ ನನಗೆ ನಡುಹಗಲಿನಲ್ಲಿ ದೊರೆತದ್ದು 14 ವ್ಯಾಟ್. ಪೆಟ್ಟಿಗೆಯ ಮೇಲಿನ ಸಂಖ್ಯೆ ಸುಳ್ಳಲ್ಲ. ಅದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುತ್ತ, ಹಲಗೆಯ ಬಿಲ್ಲೆಗಳು (ಬೆಳಕನ್ನು ವಿದ್ಯುತ್ತಾಗಿಸುವ ಸೆಲ್‌ಗಳು) 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ ಪ್ರಯೋಗಾಲಯದಲ್ಲಿ ಅಳೆದದ್ದು. ಬಿಸಿಲಿನಲ್ಲಿ ಕಾದ ಸಿಲಿಕಾನ್ ಬಿಲ್ಲೆಗಳು ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಹೊಲದ ಬಂಡೆಯ ಮೇಲೆ ಹಾಸಿದ್ದ ಹಲಗೆಯನ್ನು ನೆಲದಿಂದ ಗೇಣೆತ್ತರಕ್ಕೆ ಎತ್ತಿ ಕೆಳಗೆ ಗಾಳಿಯಾಡುವಂತೆ ಮಾಡಿದಾಗ ಮೀಟರಿನಲ್ಲಿ ಒಂದು ವ್ಯಾಟು ಹೆಚ್ಚು ಕಂಡಿತು. ಬಿಸಿಲು ಬೇಕು, ಬಿಸಿ ಬೇಡ ಎಂಬ ಈ ವಿಚಿತ್ರ ಕೋರಿಕೆ ಬಯಲುಸೀಮೆಯಲ್ಲಿ ಈಡೇರುವುದು ಕಷ್ಟ.

ನೆರಳಿನ ಪರಿಣಾಮವಂತೂ ನಾನು ಎಣಿಸಿದ್ದಕ್ಕಿಂತ ತೀವ್ರವಾಗಿತ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೀಟರು 5 ವ್ಯಾಟಿಗಿಂತ ಕೆಳಗಿಳಿದಿತ್ತು; ಹೋಗಿ ನೋಡಿದರೆ ಗಾಳಿಗೆ ಹಾರಿಬಂದ ಮುತ್ತುಗದ ಎಲೆಯೊಂದು ಹಲಗೆಯ ಮೂಲೆಯಲ್ಲಿ ಕುಳಿತಿತ್ತು. ಬಿಲ್ಲೆಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಮುಚ್ಚಿಕೊಂಡರೆ ಉಳಿದವುಗಳ ಹರಿವಿಗೂ ಅದು ಕಟ್ಟೆ ಹಾಕುತ್ತದೆ.

ಮಾಡಿದ ಇನ್ನೊಂದು ತಪ್ಪು, ಪ್ಯಾನೆಲಿನ ಹಿಂದಿರುವ ಜೇಬಿನಲ್ಲೇ ಪವರ್ ಬ್ಯಾಂಕನ್ನು ಇಟ್ಟದ್ದು. ಎರಡು ಗಂಟೆಯೊಳಗೆ ಅದು ಕೈಯಲ್ಲಿ ಹಿಡಿಯಲಾಗದಷ್ಟು ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಲಿಥಿಯಂ ಬ್ಯಾಟರಿಯನ್ನು ಹಾಗೆ ಕಾಯಿಸುವುದು ಅಪಾಯಕಾರಿ, ಅದರ ಆಯುಷ್ಯವೂ ಕುಗ್ಗುತ್ತದೆ. ಈಗ ಒಂದು ಮೀಟರಿನ ತಂತಿ ಬಳಸಿ, ಅಡುಗೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ನೆರಳಿನಲ್ಲಿ ಪವರ್ ಬ್ಯಾಂಕನ್ನು ಇಡುತ್ತೇನೆ. ಫೋನನ್ನು ಪ್ಯಾನೆಲಿಗೆ ನೇರವಾಗಿ ಸಿಕ್ಕಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಹಗಲೆಲ್ಲ ಪವರ್ ಬ್ಯಾಂಕು ತುಂಬುತ್ತದೆ, ರಾತ್ರಿ ಅದರಿಂದ ಫೋನು ತುಂಬುತ್ತದೆ.

ಮೂರನೆಯ ದಿನ ಕುರಿಮಂದೆಯೊಂದಿಗೆ ಬಂದ ಹಿರಿಯರೊಬ್ಬರು ದೂರದಿಂದಲೇ, "ಏನ್ ಸ್ವಾಮಿ, ಹಪ್ಪಳ ಒಣಗ್ಸ್ತಾ ಇದೀರಾ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಹೆಗಲ ಚೀಲದಿಂದ ತಮ್ಮ ಗುಂಡಿ ಫೋನನ್ನು ತೆಗೆದುಕೊಟ್ಟು, ನನ್ನ ರಾಗಿಮುದ್ದೆ ಬೇಯುವವರೆಗೆ ಮರದಡಿ ಕುಳಿತರು. ವರ್ಷದಲ್ಲಿ ಎಷ್ಟೋ ರಾತ್ರಿಗಳನ್ನು ಹೊಲಗಳಲ್ಲೇ ಕಳೆಯುವ ಅವರ ಮುಂದೆ ನನ್ನ ಗುಡಾರವಾಸದ ಬಗ್ಗೆ ಹೇಳಿಕೊಳ್ಳಲು ಸಂಕೋಚವಾಯಿತು. ಅವರ ಫೋನು ಒಮ್ಮೆ ತುಂಬಿದರೆ ಐದು ದಿನ ಬರುತ್ತದಂತೆ.

ಆ ಮಾತು ಲೆಕ್ಕ ಹಾಕಲು ಕೂರಿಸಿತು. 10,000 ಮಿಲಿಆಂಪ್-ಗಂಟೆಯ ಪವರ್ ಬ್ಯಾಂಕಿನಲ್ಲಿರುವುದು ಸುಮಾರು 37 ವ್ಯಾಟ್-ಗಂಟೆ (ಒಂದು ವ್ಯಾಟಿನಂತೆ ಒಂದು ಗಂಟೆ ಹರಿದರೆ ಒಂದು ವ್ಯಾಟ್-ಗಂಟೆ). ಅದನ್ನು ತುಂಬಲು ನಷ್ಟವೂ ಸೇರಿ 45ರ ಆಸುಪಾಸು ಬೇಕು. ಹಿರಿಯೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆರಂಭಿಸಿದರೆ ಮಧ್ಯಾಹ್ನ ಎರಡರೊಳಗೆ ಅಷ್ಟು ಬರುತ್ತಿತ್ತು. ಅದೇ ಪ್ಯಾನೆಲನ್ನು ಮೀಟರಿನ ಸಮೇತ ಸಕಲೇಶಪುರಕ್ಕೆ ಮತ್ತೆ ಒಯ್ದಾಗ ಇಡೀ ದಿನಕ್ಕೆ ದೊರೆತದ್ದು 20. ಆದರೆ ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟರೆ (ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು), ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಮಾತ್ರ ನೆಟ್‌ವರ್ಕ್ ತೆರೆದರೆ, ತಲೆಗೆ ಕಟ್ಟುವ ಟಾರ್ಚನ್ನೂ ಸೇರಿಸಿ ನನ್ನ ದಿನದ ಖರ್ಚು 8 ವ್ಯಾಟ್-ಗಂಟೆಯನ್ನು ದಾಟುವುದಿಲ್ಲ.

ಹೀಗಾಗಿ ಎರಡು ರಾತ್ರಿಯ ಬೀಡಿಗೆ ಈಗ ಪ್ಯಾನೆಲನ್ನು ಒಯ್ಯುವುದೇ ಇಲ್ಲ. ತುಂಬಿದ ಒಂದು ಪವರ್ ಬ್ಯಾಂಕು ಸಾಕು. ನಾಲ್ಕನೆಯ ದಿನದಿಂದಾಚೆಗೆ, ಅಥವಾ ಜೊತೆಯಲ್ಲಿ ಇನ್ನಿಬ್ಬರಿದ್ದು ಕ್ಯಾಮರಾವೂ ಇದ್ದರೆ, ಆಗ ಅದರ ಭಾರಕ್ಕೆ ಅರ್ಥ ಬರುತ್ತದೆ. ನಡೆಯುವಾಗ ಬೆನ್ನಿನ ಚೀಲಕ್ಕೆ ಕಟ್ಟಿಕೊಂಡು ಚಾರ್ಜ್ ಮಾಡುವುದನ್ನೂ ಪರೀಕ್ಷಿಸಿದ್ದೇನೆ. ತಿರುವಿಗೊಮ್ಮೆ ದಿಕ್ಕು ಬದಲಾಗಿ ಎರಡು ಮೂರು ವ್ಯಾಟು ಮಾತ್ರ ಬರುತ್ತದೆ, ಜೊತೆಗೆ ಹಲಗೆ ಲಂಟಾನಕ್ಕೆ ಸಿಕ್ಕಿ ಹರಿಯುತ್ತದೆ. ನನ್ನ ಪ್ಯಾನೆಲಿನ ಒಂದು ಅಂಚಿನಲ್ಲಿ ಈಗಲೂ ದಪ್ಪ ದಾರದ ಹೊಲಿಗೆಯಿದೆ.