ಒಂದೊಂದೇ ಚಿಪ್ಪು ಅಳೆದಾಗ

ಸಣ್ಣ ಮರಳಿನ ಕಾಳಿನಷ್ಟಿರುವ ಚಿಪ್ಪನ್ನು ಬ್ರಷ್ಷಿನ ತುದಿಯಲ್ಲಿ ಎತ್ತುವುದನ್ನು ಕಲಿಯಲು ನನಗೆ ಎರಡು ವಾರ ಬೇಕಾಯಿತು. ಬ್ರಷ್ಷಿನ ತುದಿಯನ್ನು ನೀರಿಗೆ ಅದ್ದಿ, ಟಿಶ್ಯೂ ಮೇಲೆ ಒತ್ತಿ ತೆಗೆಯಬೇಕು. ನೀರು ಜಾಸ್ತಿಯಾದರೆ ಚಿಪ್ಪು ಬ್ರಷ್ಷಿನ ಕೂದಲೊಳಗೆ ನುಗ್ಗಿ ಕೂತುಬಿಡುತ್ತದೆ. ಕಮ್ಮಿಯಾದರೆ ಅಂಟುವುದೇ ಇಲ್ಲ. ಕಪ್ಪು ತಟ್ಟೆಯ ಮೇಲೆ ಕೆಸರಿನ ಪುಡಿ ಹರಡಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಒಂದೊಂದೇ ಆರಿಸುವುದು. ನನ್ನ ಸಂಶೋಧನೆಯ ಮುಕ್ಕಾಲು ಪಾಲು ಸಮಯ ಹೋಗಿದ್ದು ಇದರಲ್ಲೇ.

ಈ ಚಿಪ್ಪುಗಳು ಫೊರಾಮಿನಿಫೆರಾ ಎಂಬ ಒಂದೇ ಕೋಶದ ಸಮುದ್ರಜೀವಿಗಳವು. ನಾವೆಲ್ಲ ಸುಮ್ನೆ ಫೊರಾಮ್ ಅನ್ನುತ್ತೇವೆ. ಅವು ನೀರಿನಿಂದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಚಿಪ್ಪು ಕಟ್ಟಿಕೊಳ್ಳುತ್ತವೆ, ಸತ್ತ ಮೇಲೆ ತಳಕ್ಕೆ ಇಳಿಯುತ್ತವೆ. ಚಿಪ್ಪಿನಲ್ಲಿರುವ ಆಕ್ಸಿಜನ್ನಿನ ಹಗುರ, ಭಾರದ ರೂಪಗಳಾದ ಐಸೊಟೋಪ್‌ಗಳಲ್ಲಿ ಅಂದಿನ ನೀರಿನ ಬಿಸಿ ಎಷ್ಟಿತ್ತು ಅನ್ನುವುದರ ಗುರುತು ಉಳಿದಿರುತ್ತದೆ. ನೀರು ತಂಪಾದಷ್ಟೂ ಭಾರದ ಆಕ್ಸಿಜನ್-18 ಹೆಚ್ಚು ಸೇರುತ್ತದೆ. ಇದರಿಂದ ಹಳೆಯ ಕಾಲದ ಬಿಸಿ ಅಳೆಯಬಹುದು ಎಂದು ಹೆರಾಲ್ಡ್ ಯೂರಿ 1947ರಲ್ಲೇ ಬರೆದರು. ಕಾರ್ಬನ್ನಿನ ಐಸೊಟೋಪ್‌ಗಳು ಬೇರೆ ಕತೆ ಹೇಳುತ್ತವೆ. ಗಿಡಗಳು ಹಗುರವಾದ ಕಾರ್ಬನ್-12 ಅನ್ನು ಹೆಚ್ಚು ಹೀರಿಕೊಳ್ಳುತ್ತವೆ. ಹಾಗಾಗಿ ಸಸ್ಯಗಳಿಂದ ಬಂದ ಕಾರ್ಬನ್, ಅಥವಾ ಅದಕ್ಕಿಂತಲೂ ಹಗುರ ಕಾರ್ಬನ್ ಇರುವ ಮೀಥೇನ್, ದೊಡ್ಡ ಪ್ರಮಾಣದಲ್ಲಿ ಗಾಳಿಗೆ ಸೇರಿದರೆ ಸಮುದ್ರದ ಚಿಪ್ಪುಗಳೆಲ್ಲದರ ಕಾರ್ಬನ್ ಒಟ್ಟಿಗೇ ಹಗುರಾಗುತ್ತದೆ.

ಹಾಗೆ ಆಗಿದ್ದು ಸುಮಾರು 5.6 ಕೋಟಿ ವರ್ಷಗಳ ಹಿಂದೆ, ಪೇಲಿಯೊಸೀನ್ ಮತ್ತು ಇಯೊಸೀನ್ ಕಾಲಗಳ ಗಡಿಯಲ್ಲಿ. ಸಾವಿರಾರು ಗಿಗಾಟನ್ (ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್) ಕಾರ್ಬನ್ ಗಾಳಿಗೂ ಸಮುದ್ರಕ್ಕೂ ಸೇರಿತು. ಭೂಮಿ 5ರಿಂದ 6 ಡಿಗ್ರಿ ಬಿಸಿಯಾಯಿತು. ಸಮುದ್ರದ ತಳದಲ್ಲಿ ಬದುಕುವ ಫೊರಾಮ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ, ಕೆಲವು ಕಡೆ ಅರ್ಧದಷ್ಟು ಜಾತಿಗಳು ಅಳಿದವು. ಮತ್ತೆ ಮೊದಲಿನ ಹಾಗಾಗಲು ಲಕ್ಷ ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಇದನ್ನು ಓದಿ ತಿಳಿದುಕೊಳ್ಳುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ದಕ್ಷಿಣ ಅಟ್ಲಾಂಟಿಕ್‌ನ ನೀರಡಿಯ ಬೆಟ್ಟಸಾಲಾದ ವಾಲ್ವಿಸ್ ರಿಡ್ಜ್‌ನಲ್ಲಿ 2003ರಲ್ಲಿ ಕೊರೆದು ತೆಗೆದ ಕೆಸರಿನ ಕಂಬಗಳು, ಅಂದರೆ ಕೋರ್‌ಗಳು ಜರ್ಮನಿಯ ಬ್ರೆಮೆನ್‌ನಲ್ಲಿವೆ. ಮೇಜಿನ ಮೇಲೆ ಉದ್ದುದ್ದ ಮಲಗಿಸಿಟ್ಟ ತಿಳಿ ಬಣ್ಣದ ಕೆಸರು. ನೋಡುತ್ತಾ ಹೋದರೆ ಒಂದು ಕಡೆ ಆ ತಿಳಿ ಬಣ್ಣ ಕತ್ತರಿಸಿದ ಹಾಗೆ ನಿಂತು, ಕೆಂಪು ಜೇಡಿ ಶುರುವಾಗುತ್ತದೆ. ಅಲ್ಲಿ ಚಿಪ್ಪುಗಳೇ ಇಲ್ಲ. ಸಮುದ್ರ ಅಷ್ಟು ಹುಳಿಯಾಗಿ ತಳದ ಚಿಪ್ಪುಗಳೆಲ್ಲ ಕರಗಿಹೋಗಿದ್ದವು. ನಾನು ಆ ಗೆರೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ನನ್ನ ಪ್ರಶ್ನೆ ಒಂದೇ: ಇದು ಎಷ್ಟು ಬೇಗ ಆಯಿತು? ಇವತ್ತು ನಾವು ವರ್ಷಕ್ಕೆ ಸುಮಾರು 10 ಗಿಗಾಟನ್ ಕಾರ್ಬನ್ ಬಿಡುತ್ತಿದ್ದೇವೆ. ಆಗಿನ ವೇಗ ವರ್ಷಕ್ಕೆ 1 ಗಿಗಾಟನ್‌ನ ಆಸುಪಾಸು ಇತ್ತು ಎಂಬ ಅಂದಾಜಿದೆ. ಈ ಎರಡನ್ನು ಹೋಲಿಸುವಾಗ ಆ ಹಳೆಯ ವೇಗವನ್ನು ಕೆಸರಿನಿಂದ ಹೇಗೆ ಓದುತ್ತೇವೆ ಅನ್ನುವುದರ ಮೇಲೇ ಎಲ್ಲ ನಿಂತಿದೆ, ಅಲ್ವಾ?

ಅದಕ್ಕೆ ಚಿಪ್ಪು ಉಳಿದಿರುವ ಕೋರ್ ಬೇಕು. ಅಂಥದ್ದೊಂದು ಕೋರ್‌ನಿಂದ ಸೆಂಟಿಮೀಟರಿಗೊಂದು ಸ್ಯಾಂಪಲ್ ತೆಗೆದೆ. 63 ಮೈಕ್ರಾನ್ ಜರಡಿಯಲ್ಲಿ ನೀರು ಹರಿಸಿ ಜೇಡಿ ತೊಳೆದು, ಉಳಿದದ್ದನ್ನು 50 ಡಿಗ್ರಿ ಓವನ್‌ನಲ್ಲಿ ಒಣಗಿಸಿದೆ. ಮೇಲ್ಭಾಗದ ನೀರಿನಲ್ಲಿ ಬದುಕುತ್ತಿದ್ದ ಅಕಾರಿನಿನಾ ಎಂಬ ಫೊರಾಮ್ ಆರಿಸಿಕೊಂಡೆ. ಪ್ರತಿ ಸ್ಯಾಂಪಲ್‌ನಿಂದ ಹತ್ತು ಹನ್ನೆರಡು ಚಿಪ್ಪು ಒಟ್ಟಿಗೆ ಹಾಕಿ ಅಳೆದೆ. ಮೆಷಿನ್‌ನಲ್ಲಿ ಆಗುವುದಿಷ್ಟು: 70 ಡಿಗ್ರಿಯಲ್ಲಿ ಚಿಪ್ಪಿನ ಮೇಲೆ ಫಾಸ್ಫಾರಿಕ್ ಆಸಿಡ್ ಬೀಳುತ್ತದೆ, ಚಿಪ್ಪು ಕರಗಿ ಕಾರ್ಬನ್ ಡೈಆಕ್ಸೈಡ್ ಹೊರಡುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಆ ಗಾಳಿಯ ಭಾರ ಹಗುರ ಬೇರ್ಪಡಿಸುತ್ತದೆ. ಕೋಟ್ಯಂತರ ವರ್ಷ ಉಳಿದ ಚಿಪ್ಪು ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಕಾರ್ಬನ್ ಅಳತೆಗಳ ಗ್ರಾಫಿನ ಗೆರೆ ಚೆನ್ನಾಗಿ ಬಂತು. ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಯುವ, ನುಣುಪಾದ ಇಳಿಜಾರು. ಹತ್ತು ಸೆಂಟಿಮೀಟರ್ ಕೆಸರು, ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕ, ಅಂದರೆ ಹತ್ತು ಸಾವಿರ ವರ್ಷ. ಕಾರ್ಬನ್ ಮೆಲ್ಲಗೆ ಸೋರಿದೆ ಅಂತ ಬರೆದು ಗೈಡ್ ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಅವರು ಗೆರೆಯನ್ನು ನೋಡಿದ್ದು ಕ್ಷಣ ಮಾತ್ರ. "ಒಂದು ಅಳತೆಗೆ ಎಷ್ಟು ಚಿಪ್ಪು ಹಾಕಿದ್ದೀಯಮ್ಮ?" ಅಂದರು. ಹೇಳಿದೆ. "ಒಂದೊಂದೇ ಅಳೆದು ನೋಡು."

ಮತ್ತೆ ನಾಲ್ಕು ತಿಂಗಳ ಕೆಲಸ. ಈ ಸಲ ಒಂದೇ ಜರಡಿ ಅಳತೆಯ, ದೊಡ್ಡ ಚಿಪ್ಪುಗಳನ್ನಷ್ಟೇ ಆರಿಸಿದೆ. ಈ ಜಾತಿಯೊಳಗೆ ಪಾಚಿ ವಾಸವಾಗಿತ್ತು. ಅದರಿಂದ ಚಿಪ್ಪು ದೊಡ್ಡದಾದಷ್ಟೂ ಭಾರದ ಕಾರ್ಬನ್-13 ಏರುತ್ತದೆ. ಚಿಕ್ಕದು ದೊಡ್ಡದು ಬೆರೆಸಿದರೆ ಹವಾಮಾನ ಬದಲಾಗದಿದ್ದರೂ ಗೆರೆ ಬದಲಾಗುತ್ತದೆ. ಇದನ್ನು ಹೊಸಬರಿಗೆ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳುವುದಿಲ್ಲ ಅಂತ ನನಗೆ ಅನಿಸುತ್ತದೆ.

ಬದಲಾವಣೆಯ ಮಧ್ಯದಲ್ಲಿದ್ದ ಒಂದು ಸ್ಯಾಂಪಲ್. ಇಪ್ಪತ್ತು ಚಿಪ್ಪು, ಇಪ್ಪತ್ತು ಅಳತೆ. ಸಂಜೆ ಅಂಕಿಗಳನ್ನು ಹಾಕಿ ನೋಡಿದರೆ ಎರಡೇ ಗುಂಪು. ಒಂದು ಗುಂಪು ಘಟನೆಗಿಂತ ಮುಂಚಿನ ಚಿಪ್ಪಿನ ಹಾಗೆ ಭಾರ. ಇನ್ನೊಂದು ನಂತರದ ಹಾಗೆ ಹಗುರ. ನಡುವೆ ಸಾವಿರಕ್ಕೆ ಸುಮಾರು 3ರ ಅಂತರ, ಆ ಅಂತರದಲ್ಲಿ ಒಂದೂ ಚಿಪ್ಪಿಲ್ಲ. ನನ್ನ ಮೊದಲ ಗೆರೆಯಲ್ಲಿ ಇದೇ ಸ್ಯಾಂಪಲ್ ಸರಿಯಾಗಿ ಮಧ್ಯದಲ್ಲಿ ಕೂತಿತ್ತು. ಆ ಮಧ್ಯದ ಅಂಕಿಯ ಚಿಪ್ಪು ಸಮುದ್ರದಲ್ಲಿ ಇರಲೇ ಇಲ್ಲ. ಎರಡು ಕಾಲದ ಚಿಪ್ಪುಗಳನ್ನು ಒಟ್ಟಿಗೆ ಕರಗಿಸಿ ನಾನೇ ಅದನ್ನು ಮಾಡಿದ್ದೆ.

ಬೆರೆಸಿದ್ದು ತಳದ ಹುಳುಗಳು. ಅವು ಮೇಲಿನ ಹತ್ತು ಸೆಂಟಿಮೀಟರ್‌ನಷ್ಟು ಕೆಸರನ್ನು ಸದಾ ಕಲಕುತ್ತಲೇ ಇರುತ್ತವೆ. ಅಂದರೆ ಹತ್ತು ಸಾವಿರ ವರ್ಷದ ಚಿಪ್ಪುಗಳು ಒಂದೇ ಪದರದಲ್ಲಿ ಸೇರುತ್ತವೆ. ನನ್ನ ಇಳಿಜಾರಿನ ಉದ್ದವೂ ಅಷ್ಟೇ ಇತ್ತು! ಅಂಟಾರ್ಕ್ಟಿಕಾ ಹತ್ತಿರ ಸಮುದ್ರದ ತಳ ಕೊರೆದ 690ನೇ ಸೈಟ್‌ನ ಚಿಪ್ಪುಗಳಲ್ಲಿ ಇಂಥದೇ ಎರಡು ಗುಂಪು ಕಂಡದ್ದನ್ನು 2002ರಲ್ಲೇ ಬೇರೆಯವರು ಪ್ರಕಟಿಸಿದ್ದರು. ನಾನು ಓದಿದ್ದೆ. ನನ್ನ ಕೆಸರಿಗೂ ಅದು ಅನ್ವಯಿಸುತ್ತದೆ ಅಂತ ಹೊಳೆದಿರಲಿಲ್ಲ.

ಹಾಗಂತ ಎಲ್ಲ ರಾತ್ರೋರಾತ್ರಿ ಆಯಿತು ಅಂತ ಬರೆಯಲೂ ಆಗುವುದಿಲ್ಲ. ಬದಲಾವಣೆಯ ಹೊತ್ತಿನ ಚಿಪ್ಪುಗಳು ಕರಗಿ ಹೋಗಿರಬಹುದು. ಆಗ ಕೆಸರು ಬೀಳುವುದೇ ನಿಧಾನವಾಗಿರಬಹುದು. ನಾನು ಕೊನೆಗೆ ಬರೆದದ್ದು ಇಷ್ಟೇ: ಈ ಕೋರ್‌ನಲ್ಲಿ ನಿಧಾನದ ಇಳಿಜಾರಿಗೆ ಸಾಕ್ಷಿ ಇಲ್ಲ. ಮೊದಲ ಕರಡಿಗಿಂತ ಚಿಕ್ಕ ವಾಕ್ಯ. ಆದರೆ ಅದರ ಪ್ರತಿ ಪದದ ಹಿಂದೆ ಚಿಪ್ಪು ಇದೆ.

ಇನ್ನೊಂದು ವಿಷಯ. ಚಿಪ್ಪು ಗಾಜಿನ ಹಾಗೆ ಪಾರದರ್ಶಕವಾಗಿದ್ದರೆ ಒಳ್ಳೆಯದು. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಅದು ತಳದ ತಣ್ಣನೆ ನೀರಿನಲ್ಲಿ ಮತ್ತೆ ಹರಳುಗಟ್ಟಿದೆ ಅಂತ ಅರ್ಥ, ಅದರ ಆಕ್ಸಿಜನ್ ಇರುವುದಕ್ಕಿಂತ ತಂಪು ತೋರಿಸುತ್ತದೆ. ತಾಂಜಾನಿಯಾದ ಜೇಡಿಯಲ್ಲಿ ಗಾಜಿನಂಥ ಚಿಪ್ಪು ಸಿಕ್ಕ ಮೇಲೆಯೇ ಆ ಕಾಲದ ಉಷ್ಣವಲಯ ನಿಜಕ್ಕೂ ಬಿಸಿಯಿತ್ತು ಅಂತ ಗಟ್ಟಿಯಾದದ್ದು. ನನ್ನ ಚಿಪ್ಪುಗಳು ಅಷ್ಟು ಚೆನ್ನಾಗಿಲ್ಲ. ಹಾಗಾಗಿ ಕಾರ್ಬನ್ ಅಂಕಿಗಳನ್ನು ನಂಬುತ್ತೇನೆ, ಬಿಸಿಯ ಅಂಕಿಗಳನ್ನು ಪ್ರಕಟಿಸಲಿಲ್ಲ.

ಈಗ ಬೋರಾನ್ ಕೆಲಸ ನಡೆದಿದೆ. ಚಿಪ್ಪಿನ ಬೋರಾನ್ ಐಸೊಟೋಪ್‌ಗಳಿಂದ ನೀರು ಎಷ್ಟು ಹುಳಿಯಿತ್ತು ಅಂತ ತಿಳಿಯುತ್ತದೆ, ಅಲ್ಲಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕಬಹುದು. ಮಾಮೂಲಿ ಲ್ಯಾಬ್ ಗಾಜಿನಲ್ಲೇ ಬೋರಾನ್ ಇರುವುದರಿಂದ ಗಾಜು ಮುಟ್ಟುವ ಹಾಗಿಲ್ಲ, ಎಲ್ಲ ಟೆಫ್ಲಾನ್ ಡಬ್ಬಿಗಳಲ್ಲೇ. ತೊಂದರೆ ಏನೆಂದರೆ ಕರಗಿಸಿ ಅಳೆಯುವುದಾದರೆ ಒಂದು ಅಳತೆಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಚಿಪ್ಪು ಬೇಕು. ಮತ್ತೆ ಅದೇ ಬೆರಕೆಯ ಭಯ. ಅದಕ್ಕೇ ಮೊದಲು ಪ್ರತಿ ಪದರದ ಕೆಲವು ಚಿಪ್ಪುಗಳ ಕಾರ್ಬನ್ ಒಂದೊಂದಾಗಿ ಅಳೆಯುತ್ತೇನೆ. ಎರಡು ಗುಂಪು ಕಂಡ ಪದರವನ್ನು ಪಕ್ಕಕ್ಕಿಡುತ್ತೇನೆ. ಹಾಗೆ ಪಕ್ಕಕ್ಕೆ ಹೋದವುಗಳಲ್ಲಿ ನನಗೆ ಎಲ್ಲಕ್ಕಿಂತ ಬೇಕಾದ ಏಳು ಪದರಗಳಿವೆ. ಒಂದೇ ಚಿಪ್ಪಿನ ಬೋರಾನ್ ಅನ್ನು ಲೇಸರ್‌ನಿಂದ ಅಳೆಯುವ ವಿಧಾನ ಈಗ ಬಂದಿದೆ. ಆ ಏಳು ಪದರಗಳ ಚಿಪ್ಪುಗಳನ್ನು ತೊಳೆದು, ಆರಿಸಿ, ಸ್ಲೈಡ್‌ಗಳಲ್ಲಿ ನಂಬರು ಹಾಕಿ ಅದಕ್ಕಾಗಿ ಎತ್ತಿಟ್ಟಿದ್ದೇನೆ.